ಬೆಲ್ಲ ತಿಂದ ಬಚ್ಚಲು

ಲಗ್ನವಾಗಿ ದೀಪಾವಳಿ ಬಂದರೂ ನಮ್ಮ ಯಜಮಾನರು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಮಳವಳ್ಳಿಯ ಮನೆಯಲ್ಲಿ ನಾನು ಎದುರಿಗೇ ನಿಂತಿದ್ದರೂ, "ಅವ್ವ, ನೀರು ಕೊಡು ಅಂತ ಹೇಳವ್ವ" ಎಂದು ನಮ್ಮತ್ತೆಗೆ ಹೇಳುತ್ತಿದ್ದರು. ಅತ್ತೆ "ಕೊಡಮ್ಮಿ" ಅಂದಮೇಲೆ ನಾನು ಕೊಡಬೇಕು. ಮೂಗನನ್ನು ಕಟ್ಟಿಕೊಂಡಿದ್ದರೆ ಕೈಸನ್ನೆಯನ್ನಾದರೂ ಮಾಡುತ್ತಿದ್ದ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೊದಲ ದೀಪಾವಳಿಗೆ ಕೆರಗೋಡಿನ ನಮ್ಮ ಮನೆಗೆ ಬರುತ್ತಾರಲ್ಲ, ಅತ್ತೆ ಇಲ್ಲದ ಕಡೆಯಾದರೂ ಬಾಯಿ ಬಿಟ್ಟಾರು ಎಂದು ಆಸೆಯಿಂದ ಕಾಯುತ್ತಿದ್ದೆ.

ಅವರಿಗೆಂದು ಇಟ್ಟಿದ್ದ ಕೋಣೆಯ ಗೋಡೆಯಾಚೆಗೇ ನಮ್ಮ ಬಚ್ಚಲು. ಕಲ್ಲುಗಳ ಸಂದಿನ ಗಾರೆ ಎದ್ದುಹೋಗಿ, ಯಾರು ಮಿಂದರೂ ನೀರು ಕೋಣೆಗೆ ಜಿನುಗುತ್ತಿತ್ತು.

"ಅಳೀಮಯ್ಯನ್ನ ಕೆಸರಲ್ಲಿ ಮನಗುಸೀರಾ?" ಎಂದು ಅವ್ವ ಅಪ್ಪನನ್ನು ತರಾಟೆಗೆ ತೆಗೆದುಕೊಂಡಳು.

ಯುದ್ಧದ ಕಾಲ, ಸಿಮೆಂಟು ಕಣ್ಣಿಗೂ ಬೀಳುತ್ತಿರಲಿಲ್ಲ. ಅಪ್ಪ ಹಳೇ ಗಾರೆ ಕೆದಕಿ ತೆಗೆದು, ಸುಣ್ಣ ಮರಳು ಕಲಸಲು ಕೂತ. ಹಿಡಿತ ಬರಲೆಂದು ಗಾರೆಗೆ ಒಂದಿಷ್ಟು ಬೆಲ್ಲದ ನೀರು ಬೆರೆಸುವುದು ರೂಢಿ. ಸ್ವಂತ ಆಲೆಮನೆ ಇದ್ದ ಅಪ್ಪನಿಗೆ ಒಂದಿಷ್ಟು ಎಂದರೆ ಎಷ್ಟೆಂದು ಗೊತ್ತಿರಲಿಲ್ಲ. ಕೊಡಗಟ್ಟಲೆ ಪಾಕ ಸುರಿದ.

"ಸಾಕು ಬುಡಿ, ಬಚ್ಚಲಿಗೇನು ಎಡೆ ಇಕ್ಕೀರಾ?" ಎಂದಳು ಅವ್ವ.

"ಅಳೀಮಯ್ಯ ಮೊದಲ್ನೇ ಸಲ ಬತ್ತಾವ್ರೆ ಕಣಮ್ಮಿ. ಬೆಲ್ಲಕ್ಕೆ ಜುಗ್ಗತನ ಮಾಡ್ದ ಅನ್ನುಸ್ಕೊಬೇಕಾ?"

ಬೆಲ್ಲ ಅತಿಯಾಗಿ ಹಬ್ಬದ ಹೊತ್ತಿಗೂ ಗಾರೆ ಗಟ್ಟಿಯಾಗಲಿಲ್ಲ. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಊರಿನ ಇರುವೆಗಳೆಲ್ಲ ಅಲ್ಲಿಗೇ ಒಕ್ಕಲು ಬಂದಿದ್ದವು. ಅವ್ವ ಕಂಡಷ್ಟನ್ನು ಗುಡಿಸಿ, ಮಣೆ ಹಾಕಿ, ಎಣ್ಣೆ ಹಚ್ಚಿಕೊಂಡಿದ್ದ ಅಳಿಯನನ್ನು ಒಳಗೆ ಕಳಿಸಿದಳು. ನಾನು ಟವಲು ಹಿಡಿದು ಬಾಗಿಲಾಚೆ ನಿಂತೆ.

ಬಿಸಿನೀರು ಬಿದ್ದದ್ದೇ ತಡ, ಗಾರೆ ಕರಗಿ ಮತ್ತೆ ಪಾಕವಾಯಿತು. ಸಂದಿನೊಳಗೆ ಅವಿತಿದ್ದ ಇರುವೆಗಳು ಜೀವ ಉಳಿಸಿಕೊಳ್ಳಲು ಎದುರಿಗೆ ಸಿಕ್ಕ ಮೈಯನ್ನೇರಿದವು.

"ಅಮ್ಮೀ! ಓಡ್ಬಾರಮ್ಮೀ! ನಿಮ್ಮಪ್ಪ ನನ್ನೇ ಇರುವೆಗೆ ಎಡೆ ಇಕ್ಕವ್ನೆ!"

ಮಾವನೆಂಬ ಮರ್ಯಾದೆಯೂ ಮರೆತುಹೋಗಿತ್ತು. ಆದರೆ ಅದು ನನಗೇ ಆಡಿದ ಮಾತು! ಎಷ್ಟು ಸಂತೋಷವಾಯಿತೆಂದರೆ, ಇನ್ನೊಂದು ಸಲ ಕರೆಯಲಿ ಎಂದು ಒಂದು ಗಳಿಗೆ ಸುಮ್ಮನೆ ನಿಂತೆ. ಕರೆದರು, ಇನ್ನೂ ಜೋರಾಗಿ.

ಪಂಚೆ ಸುತ್ತಿಕೊಂಡು, ಕಾಲಿಗೆಲ್ಲ ಗಾರೆ ಮೆತ್ತಿಕೊಂಡು ಹಿತ್ತಲಿಗೆ ಹಾರಿದರು. ನಾನು ಬೆನ್ನಿನ ಇರುವೆ ಕೊಡವುತ್ತಿದ್ದರೆ, "ಕಿವಿ ಹಿಂದೆ ನೋಡಮ್ಮಿ, ಅಯ್ಯೋ, ಕಂಕುಳಲ್ಲಿ ಕಣಮ್ಮಿ" ಎಂದು ಅವರ ಬಾಯಿಗೆ ಬಿಡುವೇ ಇರಲಿಲ್ಲ.

ಅಷ್ಟರಲ್ಲಿ ಕೋಣೆಯ ತುಂಬ ನೀರು. ಅಪ್ಪ ತಲೆ ಕೆರೆಯುತ್ತ ಬಂದು ನಮ್ಮೆದುರು ನಿಂತ.

"ಬೆಲ್ಲ ಕಮ್ಮಿ ಆಯ್ತೇನೋ" ಎಂದ.

ಯಜಮಾನರು ಅವನತ್ತ ನೋಡಲೂ ಇಲ್ಲ. ನನ್ನ ಕಡೆ ತಿರುಗಿ, "ಸಾಕು ಅಂತ ನಿಮ್ಮಪ್ಪಂಗೆ ಹೇಳಮ್ಮಿ" ಎಂದರು.