ಒದ್ದೆಯಾಗಿದ್ದ ಪ್ಲಗ್ಗು

ಹೊನ್ನಾವರದಲ್ಲಿ ನನಗೆ 'ಮೇಸ್ತ್ರಿ' ಎಂದು ಹೆಸರಿತ್ತು. ಹೆಸರಿಗೆ ತಕ್ಕ ವಿದ್ಯೆ ಇದೆಯೇ ಎಂದು ಯಾರೂ ಕೇಳಿರಲಿಲ್ಲ, ನಾನಂತೂ ಕೇಳಿಕೊಂಡಿರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ಸ್ಕೂಟರು, ಪಂಪ್‌ಸೆಟ್ಟು, ದೋಣಿಯ ಸೀಮೆಎಣ್ಣೆ ಇಂಜಿನ್ನು, ಏನು ತಂದರೂ ಬಿಚ್ಚುತ್ತಿದ್ದೆ. ಹೆಚ್ಚಿನವು ಮತ್ತೆ ಓಡುತ್ತಿದ್ದವು. ಓಡದಿದ್ದರೆ 'ಇದರ ಪಾರ್ಟು ಸಿಗೂದಿಲ್ಲ' ಎಂಬ ಉತ್ತರ ಸದಾ ತಯಾರಿರುತ್ತಿತ್ತು.

ಒಂದು ಡಿಸೆಂಬರಿನಲ್ಲಿ, ಶರಾವತಿಯ ದಡದಲ್ಲಿ ದೋಣಿ ಕಟ್ಟುವ ಆಚಾರಿಯೊಬ್ಬರ ಅಳಿಯ ಗೋಣಿಚೀಲ ಹೊತ್ತು ನನ್ನ ಅಂಗಡಿಗೆ ಬಂದ. ಒಳಗಿದ್ದದ್ದು ಚೈನ್‌ಸಾ, ಅವರ ಬಾಯಲ್ಲಿ 'ಮಿಷನ್ ಗರಗಸ'. ಭಟ್ಕಳದವರೊಬ್ಬರು ದುಬೈಯಿಂದ ತಂದು, ಸಾಕಷ್ಟು ವರ್ಷ ಬಳಸಿ ಮಾರಿದ್ದು. ಮಾವನಿಗೆ ಅದು ಬೇಕಿರಲಿಲ್ಲ, ಕೈಗರಗಸ ಎಳೆಯುವ ಇಬ್ಬರು ಹಳೆಯ ಆಳುಗಳೇ ಸಾಕು ಎಂದಿದ್ದರು. ಅಳಿಯ ತಿಂಗಳುಗಟ್ಟಲೆ ಬೆನ್ನು ಬಿದ್ದು ಹೂಂ ಅನ್ನಿಸಿದ್ದ. ಹೆಂಡತಿಯ ಮನೆಯಲ್ಲೇ ಉಳಿದ ಗಂಡಸಿಗೆ ನಮ್ಮ ಕಡೆ ಎಷ್ಟು ಮರ್ಯಾದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮಿಷನ್ನು ಬಂದ ಮೇಲೆ ಆ ಮನೆಯಲ್ಲಿ ಅವನ ಮಾತಿಗೂ ಒಂದಿಷ್ಟು ಬೆಲೆ ಬಂದಿತ್ತು.

ಈಗ ಅದು ನಿಂತುಹೋಗಿತ್ತು. ಕಾರ್ಬೊರೇಟರ್ ಬಿಚ್ಚಿದೆ. ಒಳಗಿನ ಸಣ್ಣ ಜಾಲರಿಯ ಮೇಲೆ ಬೆಳ್ಳಗೆ ಮೇಣದ ಹಾಗೆ ಏನೋ ಕೂತಿತ್ತು. ಮೂಸಿ ನೋಡಿದರೆ ತೆಂಗಿನೆಣ್ಣೆ!

"ಪೆಟ್ರೋಲಿಗೆ ಎಂತ ಬೆರಸ್ದೆ ಮಾರಾಯ?" ಎಂದೆ.

ಅವನು ನೆಲ ನೋಡಿದ. "ಪೆಟ್ರೋಲಿಗೆ ಬೆರ್ಸೂ ಮಿಷನ್ನಿನ ಆಯಿಲ್ ಇಲ್ಲಿ ಸಿಕ್ಲಿಲ್ಲ ಮೇಸ್ತ್ರಿ. ಕುಮಟೆಗೆ ಹೋಗುಕೆ ಪುರಸೊತ್ತಾಗ್ಲಿಲ್ಲ. ಒಂದೇ ಸಲ ಹಾಕಿದ್ದು."

ನನಗೆ ನಗು ಬಂತು. ತಲೆಗೆ, ಸುಟ್ಟ ಗಾಯಕ್ಕೆ, ಕಿರುಗುಟ್ಟುವ ಬಾಗಿಲಿಗೆ, ಎಲ್ಲಕ್ಕೂ ತೆಂಗಿನೆಣ್ಣೆ ಹಚ್ಚುವ ಜನ ನಾವು. ಪೆಟ್ರೋಲು ಆರಿಹೋಗಿ, ಬೆಳಗಿನ ಚಳಿಗೆ ಎಣ್ಣೆ ಹೆಪ್ಪುಗಟ್ಟಿ ದಾರಿ ಕಟ್ಟಿತ್ತು.

"ಮಾವನಿಗೆ ಮಾತ್ರ ಹೇಳ್ಬೇಡಿ," ಎಂದ. "ಗೊತ್ತಾದ್ರೆ ನಂಗೆ ಮತ್ತೆ ಮಿಷನ್ ಮುಟ್ಟುಕೆ ಬಿಡುದಿಲ್ಲ."

"ನಾ ಎಂತಕ್ಕೆ ಹೇಳ್ಲಿ? ನೀ ಹೆದರಬೇಡ," ಎಂದು ಮಾತು ಕೊಟ್ಟೆ.

ಅಂಥ ಕಾರ್ಬೊರೇಟರನ್ನು ನಾನು ಅದೇ ಮೊದಲ ಸಲ ಬಿಚ್ಚಿದ್ದು. ಸ್ಕೂಟರಿನದರಲ್ಲಿ ಪೆಟ್ರೋಲು ನಿಲ್ಲುವ ಬಟ್ಟಲು, ಅದರಲ್ಲಿ ತೇಲುವ ಬುರುಡೆ ಇರುತ್ತದೆ. ಇದರಲ್ಲಿ ಅವೆರಡೂ ಇಲ್ಲ. ಬದಲಿಗೆ ಒಂದು ತೆಳು ರಬ್ಬರಿನ ಪೊರೆ, ಅದಕ್ಕೊಂದು ಕಾಗದದ ಪ್ಯಾಕಿಂಗು. 'ನನಗಿದು ಗೊತ್ತಿಲ್ಲ' ಎಂದಿದ್ದರೆ ಗಂಟೇನೂ ಹೋಗುತ್ತಿರಲಿಲ್ಲ. ಮೇಸ್ತ್ರಿಯಲ್ಲವೇ, ಹೇಳಲಿಲ್ಲ. ಎಲ್ಲ ತೊಳೆದು, ಊದಿ, ಜೋಡಿಸಲು ಕೂತಾಗ ಯಾವುದು ಒಳಗಿತ್ತು, ಯಾವುದು ಹೊರಗಿತ್ತು ಎಂಬುದೇ ಮರೆತುಹೋಗಿತ್ತು. ರಬ್ಬರನ್ನು ಮೊದಲು ಇಟ್ಟೆ.

ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ ಅವನು ಮೆಲ್ಲಗೆ, "ಕಾಗದದ್ದು ಒಳಗಿತ್ತಲ್ದಾ ಮೇಸ್ತ್ರಿ?" ಎಂದ.

"ನೀ ಮರ ಕೊಯ್ಯುದು ನೋಡ್ಕೋ. ಇದು ನನ್ನ ಕೆಲ್ಸ," ಎಂದು ಗದರಿಸಿ ಸ್ಕ್ರೂ ಬಿಗಿದೆ. ಹಗ್ಗದ ಐದನೆಯ ಎಳೆತಕ್ಕೆ ಮಿಷನ್ನು ಹೊಗೆ ಕಾರುತ್ತ ಶುರುವಾಯಿತು. ಎರಡು ನಿಮಿಷ ಓಡಿಸಿ ತೋರಿಸಿ ಕಳಿಸಿಕೊಟ್ಟೆ.

ಮೂರನೆಯ ದಿನ ಬೆಳಿಗ್ಗೆ ಆಚಾರಿಯ ಕಡೆಯಿಂದ ಒಬ್ಬ ಸೈಕಲ್ ತುಳಿದುಕೊಂಡು ನನ್ನನ್ನು ಕರೆಯಲು ಬಂದ. ಅಂದು ಹೊಸ ದೋಣಿಯ ಅಡಿಮರ ಇಡುವ ಮುಹೂರ್ತ. ಅಳತೆಗೆ ತುದಿ ಕೊಯ್ದು, ಮರವನ್ನು ಕಂಬಗಳ ಮೇಲೆ ಕೂರಿಸಿ, ಕಾಯಿ ಒಡೆಯಬೇಕು. ಗಳಿಗೆ ಮೀರಿದರೆ ಆ ದೋಣಿಯಲ್ಲಿ ಸಮುದ್ರಕ್ಕೆ ಹೋಗುವವರ ಮನಸ್ಸಿನಲ್ಲಿ ಅದು ಕೊನೆಯವರೆಗೂ ಕೊರೆಯುತ್ತದೆ. ನಾನು ಹೋದಾಗ ದೋಣಿ ಮಾಡಿಸುವವರ ಮನೆಮಂದಿಯೆಲ್ಲ ಹೂವು, ಕಾಯಿ ಹಿಡಿದು ನಿಂತಿದ್ದರು. ಮಿಷನ್ನು ಶುರುವಾಗದೆ ಅಳಿಯ ಅದರ ಹಗ್ಗ ಎಳೆದೆಳೆದು ಬೆವರಿನಲ್ಲಿ ತೊಯ್ದುಹೋಗಿದ್ದ.

ಪ್ಲಗ್ಗು ಬಿಚ್ಚಿದೆ. ಪೆಟ್ರೋಲಿನಲ್ಲಿ ಅದ್ದಿ ತೆಗೆದ ಹಾಗೆ ಒದ್ದೆಯಾಗಿತ್ತು. ಎಣ್ಣೆ ಹೆಪ್ಪುಗಟ್ಟಿ ದಾರಿ ಕಟ್ಟಿದ್ದರೆ ಪ್ಲಗ್ಗು ಒಣಗಿರಬೇಕು. ಇಲ್ಲಿ ಪೆಟ್ರೋಲು ತಡೆಯಿಲ್ಲದೆ ಒಳಗೆ ನುಗ್ಗಿತ್ತು. ರಬ್ಬರು ಕೂತ ಜಾಗವೇ ತಪ್ಪು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಆಮೇಲೆ ತಿಳಿಯಿತು ಎಂದು ಬರೆಯುವ ಆಸೆ ಈಗಲೂ ಆಗುತ್ತದೆ. ಆದರೆ ಆಗಲೇ ಗೊತ್ತಿತ್ತು.

"ಎಂತ ಆತು ತಮಾ?" ಎಂದರು ಆಚಾರಿ. "ನೀ ಸರಿ ಮಾಡೇ ಕೊಟ್ಟದ್ದಲ್ದಾ?"

ಇಪ್ಪತ್ತು ಜೋಡಿ ಕಣ್ಣು ನನ್ನ ಮೇಲಿದ್ದವು.

"ನಾ ಸರಿ ಮಾಡೇ ಕೊಟ್ಟಿದ್ದೆ ಆಚಾರ್ರೆ. ನಿಮ್ಮ ಅಳಿಯ ಮತ್ತೆ ತೆಂಗಿನೆಣ್ಣೆ ಹಾಕಿದ್ದ."

"ದೇವ್ರಾಣೆ ಇಲ್ಲ ಮಾವ!" ಎಂದು ಅವನು ಕೂಗಿದ. "ಮೊದ್ಲು ಒಂದ್ಸಲ ಹಾಕಿದ್ದೆ, ಹೌದು. ಈ ಸಲ ಹಾಕ್ಲೇ ಇಲ್ಲ!"

ಮೊದಲಿನದನ್ನು ಒಪ್ಪಿಕೊಂಡದ್ದೇ ಅವನಿಗೆ ಮುಳುವಾಯಿತು. ಗುಂಪಿನಲ್ಲಿ ಯಾರೋ, "ಮರ ಕೊಯ್ತ್ಯೋ, ಮೀನು ಹುರಿತ್ಯೋ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಚಾರಿ ಬೈಯಲಿಲ್ಲ. ಹಳೆಯ ಆಳುಗಳಿಬ್ಬರಿಗೆ ಹೇಳಿ ಕೈಗರಗಸ ತರಿಸಿದರು. ಅಳಿಯ ಒಂದು ತುದಿ ಹಿಡಿಯಲು ಹೋದಾಗ, "ನೀ ಬೇಡ," ಎಂದರು.

ಮಿಷನ್ನನ್ನು ಅಂಗಡಿಗೆ ತಂದು ಬಿಚ್ಚಿ, ಕಾಗದವನ್ನು ಒಳಗೆ, ರಬ್ಬರನ್ನು ಹೊರಗೆ ಇಟ್ಟೆ. ಒಂದೇ ಎಳೆತಕ್ಕೆ ಶುರುವಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳಾದರೂ ನೆಲಕ್ಕೆ ಅಂದದ್ದು, ನಾನು ಅಂದದ್ದು ಒಬ್ಬ ಮನುಷ್ಯನಿಗೆ. ಮರುದಿನ ಅದನ್ನು ಆಚಾರಿಯ ಕೈಗೆ ಕೊಟ್ಟು, "ಎಣ್ಣೆ ಎಲ್ಲ ತೆಗ್ದೆ," ಎಂದೆ. ಅವರು ಅದನ್ನು ತಮ್ಮ ಮಗನಿಗೆ ಕೊಟ್ಟರು. ಮಳೆಗಾಲಕ್ಕೆ ಮುಂಚೆ ಅಳಿಯ ಹೆಂಡತಿಯನ್ನು ಕರೆದುಕೊಂಡು ಕುಮಟೆಯ ಕಡೆ ಹೋದನೆಂದು ಕೇಳಿದೆ.

ಮೂರು ನಾಲ್ಕು ವರ್ಷಗಳ ನಂತರ ಬೋಟಿನ ಇಂಜಿನ್ನು ನೋಡಲು ತದಡಿಯ ಬಂದರಿನ ಧಕ್ಕೆಗೆ ಹೋಗಿದ್ದೆ. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಒಬ್ಬ ನನ್ನೆದುರು ನಿಂತು ನಕ್ಕ. ಅವನೇ. ಬೇಡವೆಂದರೂ ಬಿಡದೆ ಚಾ ಕುಡಿಸಿದ. ಜೊತೆಯವರಿಗೆ, "ಹೊನ್ನಾವರದ ದೊಡ್ಡ ಮೇಸ್ತ್ರಿ ಇವ್ರು," ಎಂದು ಪರಿಚಯ ಮಾಡಿಸಿದ. ಇವತ್ತು ಹೇಳಿಬಿಡಬೇಕು ಎಂದು ನಾನು ಲೋಟ ಕೆಳಗಿಟ್ಟೆ.

ಅಷ್ಟರಲ್ಲಿ ಅವನೇ ಹತ್ತಿರ ಸರಿದು, ಯಾರಿಗೂ ಕೇಳದ ಹಾಗೆ ಅಂದ: "ಮೇಸ್ತ್ರಿ, ಆ ದಿನ ನಾ ಎಣ್ಣೆ ಹಾಕ್ಲಿಲ್ಲ. ಮನೇಲಿ ಯಾರೂ ನಂಬ್ಲಿಲ್ಲ, ಹೆಂಡ್ತಿ ಸಹ. ನೀವಾದ್ರೂ ನಂಬ್ತ್ರಿ ಅಲ್ದಾ?"

"ನಂಬ್ತೆ," ಎಂದೆ.

ಕೆಳಗಿಟ್ಟ ಲೋಟವನ್ನು ಮತ್ತೆ ಎತ್ತಿಕೊಂಡು ಉಳಿದ ಚಾ ಕುಡಿದು ಮುಗಿಸಿದೆ. ಅವನು ನನ್ನ ಎರಡೂ ಕೈ ಹಿಡಿದುಕೊಂಡ. ಚಾದ ದುಡ್ಡನ್ನೂ ಅವನೇ ಕೊಟ್ಟ.