ಮಣ್ಣಿನ ಮಾಳಿಗೆಯ ಕಾವಲುಗಾರ

ಇಂಜಿನಿಯರ್ ಸಾಹೇಬರು ಆ ಮಧ್ಯಾಹ್ನ ಎಷ್ಟು ಹೊತ್ತು ಮಲಗಿದ್ದರೋ ನನಗೆ ಖಚಿತವಿಲ್ಲ. ಒಮ್ಮೆ ಅರ್ಧ ತಾಸು ಅನಿಸುತ್ತದೆ, ಇನ್ನೊಮ್ಮೆ ಎರಡು ತಾಸು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ ಮೇಲೆ ನನ್ನ ನೆನಪನ್ನೂ ನಂಬದ ಚಾಳಿ ಬಿದ್ದಿದೆ.

ಬಬಲೇಶ್ವರದ ಹತ್ತಿರ, ಜತನದಿಂದ ಉಳಿಸಿಕೊಂಡ ಹತ್ತೊಂಬತ್ತನೇ ಶತಮಾನದ ವಾಡೆಯೊಂದಿದೆ. ಅದರ ಕಾವಲುಗಾರ ಯಾರು ಬಂದರೂ ಹೆಗಲ ಮೇಲಿನ ಟವೆಲ್ಲಿನಿಂದ ಪಡಸಾಲೆಯ ಕಟ್ಟೆ ಝಾಡಿಸಿ, "ಮೊದಲ ಕುಂದರ್ರಿ" ಅನ್ನುತ್ತಿದ್ದ. ಮನೆ ಕಟ್ಟಿಸಿದವರು ಯಾರೆಂದು ಕೇಳಿದರೂ ಅದೇ ಉತ್ತರ. ಪ್ರತಿ ಮಳೆಗಾಲಕ್ಕೆ ಮುಂಚೆ ತಾನೇ ಮಾಳಿಗೆ, ಅಂದರೆ ಮನೆಯ ಮಣ್ಣಿನ ಚಾವಣಿ ಹತ್ತಿ, ನೀರು ಇಳಿಯದಂತೆ ಹೊಸ ಸವಳು ಮಣ್ಣು ಹಾಕಿ ತುಳಿಯುತ್ತಿದ್ದ.

ಆ ಮಣ್ಣು ತೆಗೆಸಿ ಸ್ಲ್ಯಾಬ್ ಹಾಕಿಸಬೇಕೆಂದು ಸಾಹೇಬರು ಉರಿಬಿಸಿಲಲ್ಲಿ ವಿಜಯಪುರದಿಂದ ಬಂದರು. ವಾಡೆಯ ಇತಿಹಾಸ ಬರೆದುಕೊಳ್ಳಲು ಜೊತೆಗೆ ನಾನಿದ್ದೆ.

"ನಡಿ, ಮಾಳಿಗಿ ತೋರಸು," ಎಂದರು ಸಾಹೇಬರು.

"ಮೊದಲ ಕುಂದರ್ರಿ. ಬಿಸಲಾಗ ಬಂದೀರಿ, ಎರಡ ರೊಟ್ಟಿ ತಿನ್ರಿ."

"ರೊಟ್ಟಿ ತಿನಿಸಿದ್ರ ಮಾಳಿಗಿ ಉಳಿತೈತೇನು? ಅದನ್ನ ತಗಸೂದ ಐತಿ."

"ತಗಸ್ರಿ ಸಾಹೇಬ್ರ, ಯಾರ ಬ್ಯಾಡ ಅಂದಾರ? ಒಮ್ಮಿ ಅದರ ಕೆಳಗ ಕುಂತು ನೋಡಿ ತಗಸ್ರಿ."

ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ ಮುಗಿದವು. ಪಡಸಾಲೆಯ ತಂಪಿಗೆ ಸಾಹೇಬರು ಕಂಬಕ್ಕೆ ಒರಗಿದರು. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಕಾವಲುಗಾರ ಅವರ ಕೈಯಿಂದ ಅಳತೆಯ ಟೇಪನ್ನು ಮೆಲ್ಲಗೆ ಬಿಡಿಸಿ ಪಕ್ಕಕ್ಕಿಟ್ಟ. ನಾನು ಕೆಮ್ಮಿದ್ದಕ್ಕೆ, "ಸಾಹೇಬ್ರು ಮಾಳಿಗಿ ನೋಡಾಕತ್ತಾರ, ಗದ್ದಲ ಮಾಡಬ್ಯಾಡ್ರಿ," ಎಂದು ಗದರಿದ.

ಎದ್ದ ಸಾಹೇಬರು ಮಾಳಿಗೆ ಹತ್ತಲಿಲ್ಲ, ನೇರವಾಗಿ ಜೀಪು ಹತ್ತಿದರು.

ಮುಂದಿನ ವರ್ಷ ಸಾಹೇಬರ ಕಚೇರಿಯಲ್ಲಿ ಆ ಭೇಟಿಯ ವರದಿ ತೆಗೆಸಿ ಓದಿದೆ. "ಮಣ್ಣಿನ ಮಾಳಿಗೆ ಸುಸ್ಥಿತಿಯಲ್ಲಿದ್ದು, ಸ್ಲ್ಯಾಬಿನ ಅಗತ್ಯವಿಲ್ಲ. ಎರಡು ತಾಸು ಖುದ್ದಾಗಿ ಕೆಳಗಿನಿಂದ ಪರಿಶೀಲಿಸಲಾಗಿದೆ."