ನೇನಾ ಆಂಟಿಯ ಕಲಮಾಯ್

ನೇನಾ ಆಂಟಿ ಒಲೆಯ ಮುಂದೆ ನಿಂತರೆಂದರೆ ಆಕಾಶ ಕಳಚಿ ಬಿದ್ದರೂ ಸೌಟು ಕೈಬಿಡುವವರಲ್ಲ. ಅಂಟು ಅಕ್ಕಿಯ ಹಿಟ್ಟು, ತೆಂಗಿನ ಹಾಲು, ಕಂದು ಸಕ್ಕರೆ ಬೆರೆಸಿ ಮೂರು ಗಂಟೆ ಕೈಯಾಡಿಸಿದರೆ ಅವರ ಊರಿನ ಕಲಮಾಯ್. ಮದ್ದೂರಿಗೆ ವಡೆ, ಧಾರವಾಡಕ್ಕೆ ಪೇಡೆ ಇದ್ದ ಹಾಗೆ ಫಿಲಿಪ್ಪೀನ್ಸಿನ ಅವರ ದ್ವೀಪದಲ್ಲಿ ಊರಿಗೊಂದು ಸಿಹಿ. ಅಲ್ಲಿ ಅದನ್ನು ತೆಂಗಿನ ಚಿಪ್ಪಿನಲ್ಲಿ ತುಂಬಿ, ಇನ್ನೊಂದು ಚಿಪ್ಪು ಮುಚ್ಚಿ, ಕೆಂಪು ಕಾಗದ ಅಂಟಿಸುತ್ತಾರಂತೆ. ನಾವಿಬ್ಬರೂ ಬಂದು ಸೇರಿದ್ದ ಪರದೇಶದ ಹ್ಯಾಮಿಲ್ಟನ್ನಿನಲ್ಲಿ ಐಸ್‌ಕ್ರೀಮ್ ಡಬ್ಬಿಯೇ ಗತಿ. ದ್ವೀಪದಲ್ಲಿ ತಮ್ಮ ಪಕ್ಕದೂರಿನವರು ಬೇಗ ಇಳಿಸಿಬಿಡುತ್ತಾರೆ, ಅದು ಕಲಮಾಯ್ ಅಲ್ಲ, ಗಂಜಿ ಎಂದು ಆಂಟಿ ಮೂಗು ಮುರಿಯುತ್ತಿದ್ದರು.

ನಾನು ಗಂಡನ ವೀಸಾಕ್ಕೆ ಜೋತುಬಿದ್ದು ಮೈಸೂರಿನಿಂದ ಬಂದವಳು. ಗಂಡ ಕಾರು ತೆಗೆದುಕೊಂಡು ಹೊರಟರೆ ಸಂಜೆಯವರೆಗೆ ನನ್ನ ಲೋಕ ಬೇಲಿಗೇ ಮುಗಿಯುತ್ತಿತ್ತು. ಬೇಲಿಯಾಚೆ ನೇನಾ ಆಂಟಿ. ಒಮ್ಮೆ ಅವರ ಮೇಜಿನ ಮೇಲೆ ಥೇಟ್ ಇಡ್ಲಿಯಂಥದ್ದನ್ನು ಕಂಡು ಹೋದ ಜೀವ ಬಂದಂತಾಯಿತು. ಪಕ್ಕದ ಕಪ್ಪು ಸಾರಿಗೆ ಅದ್ದಲು ಹೋದೆ, ಗಬಕ್ಕನೆ ಕೈ ಹಿಡಿದರು. ಅದು ಹಂದಿಯ ರಕ್ತದ ಸಾರು. ನನ್ನ ಮುಖ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಾರನೆಯ ದಿನ ನನಗೆಂದೇ ಹೊಸ ಪಾತ್ರೆ ಕೊಂಡುತಂದರು.

ಅವರ ಪರ್ಮಿಟ್ಟು ಒಂದು ವೃದ್ಧಾಶ್ರಮದ ಕೆಲಸಕ್ಕೆ ಕಟ್ಟುಬಿದ್ದಿತ್ತು. ಅದು ಮುಗಿಯುತ್ತ ಬಂದು, ಹೊಸ ಅರ್ಜಿ ಆಫೀಸಿನಲ್ಲಿ ಕೊಳೆಯುತ್ತಿತ್ತು. ಉತ್ತರ ಬರುವ ಮುಂಚೆ ದೇಶ ಬಿಟ್ಟರೆ ಮತ್ತೆ ಒಳಗೆ ಬಿಡುತ್ತಾರೆಂಬ ನಂಬಿಕೆಯಿಲ್ಲ. ಊರಿನಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು. ಇಬ್ಬರು ಮಕ್ಕಳ ಓದು ಇವರ ದುಡಿಮೆಯ ಮೇಲೆ ನಿಂತಿತ್ತು. ಹೋಗುವಂತಿಲ್ಲ, ಇರಲು ಮನಸ್ಸಿಲ್ಲ.

ಒಂದು ಮಧ್ಯಾಹ್ನ ಕಲಮಾಯ್ ಕೈಯಾಡಿಸುತ್ತಿದ್ದಾಗ ಫೋನ್ ಬಂತು. ನನಗೆ ಎತ್ತಲು ಹೇಳಿದರು. ಆ ಕಡೆ ಅವರ ಮಗಳು. ಅಜ್ಜಿ ಹೋಗಿಬಿಟ್ಟರು ಎಂದಳು. ನನ್ನ ಮುಖ ನೋಡಿದ ಆಂಟಿಗೆ ಎಲ್ಲ ತಿಳಿಯಿತು.

"ಈಗ ಹೇಳಬೇಡ. ಕೈ ನಿಲ್ಲಿಸಿದರೆ ತಳ ಹಿಡಿಯುತ್ತೆ."

"ನಾನು ಕೈಯಾಡಿಸ್ತೀನಿ, ಕೊಡಿ ಆಂಟಿ," ಎಂದೆ. ಕೊಡಲಿಲ್ಲ. ಕೆನ್ನೆಯ ಮೇಲೆ ನೀರಿಳಿಯುತ್ತಿದ್ದಂತೆಯೇ ಇನ್ನೂ ಅರ್ಧ ಗಂಟೆ ಕೈಯಾಡಿಸಿ, ಇಳಿಸಿ, ಕೈ ತೊಳೆದು ಆಮೇಲೆ ಮಗಳಿಗೆ ಫೋನ್ ಮಾಡಿದರು. ಊರಿಗೆ ಹೋಗಲಿಲ್ಲ. ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೊರಟದ್ದನ್ನು ಕಂಡು ಎಂಥ ಹೆಂಗಸಪ್ಪಾ ಎಂದು ಸಿಟ್ಟು ಬಂತು. ಆ ಸಿಟ್ಟಿಗೆ ಇವತ್ತಿಗೂ ನಾಚುತ್ತೇನೆ.

ಎರಡು ತಿಂಗಳಿಗೆ ಅರ್ಜಿಗೆ ಉತ್ತರ ಬಂತು. ಪರ್ಮಿಟ್ಟು ಇಲ್ಲ, ಹೊರಡಬೇಕು. ಟ್ಯಾಕ್ಸಿಗೆ ಪೆಟ್ಟಿಗೆ ಏರಿಸಿದ ಮೇಲೆ ಆಂಟಿ ನನ್ನ ಕೈ ಹಿಡಿದುಕೊಂಡರು.

"ಅಮ್ಮ ಇದ್ದಾಗ ಹೋಗೋ ಹಾಗಿರಲಿಲ್ಲ, ಮಗಳೇ. ಈಗ ಇರೋ ಹಾಗಿಲ್ಲ."